ಕೀಚ್ ಎನ್ನುವ ಬ್ರೇಕ್‌ಗೆ ಎಣ್ಣೆ ಬಿಡಬಹುದೇ?

ಪ್ರಶ್ನೆ: ನಮ್ಮದು ಹಳೆಯ ವ್ಯಾಗನ್ ಆರ್. ಮಳೆಗಾಲ ಶುರುವಾದ ಮೇಲೆ ಬೆಳಗ್ಗೆ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕೀಚ್ ಅನ್ನುತ್ತದೆ. ಈಗೀಗ ದಿನವಿಡೀ ಅದೇ ಸದ್ದು. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದಿದೆ. ಪಕ್ಕದ ಮನೆಯವರು ನಾಲ್ಕು ಹನಿ ಎಣ್ಣೆ ಬಿಡಿ ಅಂತಾರೆ. ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಣ್ಣೆ ಮಾತ್ರ ಬೇಡ ಸ್ವಾಮಿ. ಸದ್ದೇನೋ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು (ಡಿಸ್ಕ್) ಒತ್ತಿ ಹಿಡಿದು ನಿಲ್ಲಿಸುವುದು ಪ್ಯಾಡ್. ಅದು ಒಮ್ಮೆ ಎಣ್ಣೆ ಕುಡಿದರೆ ಅದನ್ನು ಎಸೆಯುವುದೇ ಸರಿ.

ಬೆಳಗ್ಗೆ ಮಾತ್ರ ಬರುವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮಲೆನಾಡಿನ ತೇವಕ್ಕೆ ರಾತ್ರಿ ಕಳೆಯುವುದರೊಳಗೆ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದೇ ಉಜ್ಜಿ ಹೋಗುತ್ತದೆ. ಆದರೆ ನಿಮ್ಮದು ದಿನವಿಡೀ ಅಂತೀರಿ. ಹಾಗಾದರೆ ಚಕ್ರ ಬಿಚ್ಚಿ ನೋಡಲೇಬೇಕು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕಿ ಏರಿಸುವ ಮೊದಲೇ ವೀಲ್ ನಟ್ ಸ್ವಲ್ಪ ಸಡಿಲಿಸಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ, ಕಾರಿನಡಿ ಸ್ಟ್ಯಾಂಡ್ ಇಡಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಕೆಯೇ ಕ್ಯಾಲಿಪರ್. ಅದರ ಕೆಳಗಿನ ಬೋಲ್ಟ್ ಬಿಚ್ಚಿ ಮೇಲೆತ್ತಿದರೆ ಪ್ಯಾಡ್ ಕೈಗೆ ಬರುತ್ತದೆ. ಎರಡೂ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ, ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ. ಧೂಳನ್ನು ಬಾಯಲ್ಲಿ ಊದುವ ಅಭ್ಯಾಸ ಬೇಡ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಪ್ಯಾಡನ್ನು ಬೆಳಕಿಗೆ ಹಿಡಿಯಿರಿ. ಕಬ್ಬಿಣದ ಪಟ್ಟಿಯ ಮೇಲಿನ ಕಪ್ಪು ಭಾಗ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹೊಸದು ಹಾಕಿ. ಬಹಳಷ್ಟು ಪ್ಯಾಡ್‌ಗಳಿಗೆ ಒಂದು ಪುಟ್ಟ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೀಚ್ ಅನ್ನಲೆಂದೇ ಅದನ್ನು ಇಟ್ಟಿರುವುದು. ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸಿ. ಒಂದೇ ಬದಿ ಹಾಕಿದರೆ ಕಾರು ಪಕ್ಕಕ್ಕೆ ಎಳೆಯಬಹುದು.

ದಪ್ಪ ಇದೆ, ಆದರೆ ಮುಖ ಗಾಜಿನಂತೆ ಹೊಳೆಯುತ್ತಿದೆಯಾ? ನನಗೆ ಅನುಮಾನ ಇರುವುದು ಇಲ್ಲೇ. ಘಾಟಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡ್ ಕಾದು ಹೀಗಾಗುತ್ತದೆ. ಒರಟು ಸ್ಯಾಂಡ್ ಪೇಪರನ್ನು ನೆಲದ ಮೇಲಿಟ್ಟು, ಹೊಳಪು ಹೋಗುವಷ್ಟು ಮಾತ್ರ ಪ್ಯಾಡನ್ನು ಅದರ ಮೇಲೆ ಉಜ್ಜಿ. ಕ್ಯಾಲಿಪರ್ ಜಾರಾಡುವ ಪಿನ್‌ಗಳನ್ನೂ ಎಳೆದು ನೋಡಿ, ಒಣಗಿ ಬಿಗಿಯಾಗಿದ್ದರೆ ಒರೆಸಿ ಗ್ರೀಸ್ ಹಚ್ಚಿ. ಅಂಗಡಿಯಲ್ಲಿ ಬ್ರೇಕ್ ಗ್ರೀಸ್ ಅಂತಲೇ ಕೇಳಿ. ಸಾಮಾನ್ಯ ಗ್ರೀಸಿಗೆ ಅಲ್ಲಿನ ರಬ್ಬರ್ ಉಬ್ಬಿಕೊಳ್ಳುತ್ತದೆ. ಪ್ಯಾಡಿನ ಬೆನ್ನಿಗೂ ತೆಳ್ಳಗೆ ಸವರಿ, ಮುಖಕ್ಕೆ ಚೂರೂ ತಾಗಬಾರದು.

ಗರ್ ಗರ್ ಅಂತ ಕಬ್ಬಿಣ ಉಜ್ಜುವ ಸದ್ದಾದರೆ ಈ ಸಾಹಸ ಬಿಟ್ಟು ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ. ಹಿಂದಿನ ಚಕ್ರದ ಡ್ರಮ್ ಬ್ರೇಕನ್ನೂ ಅವರಿಗೇ ಬಿಡಿ, ಅದರ ಸ್ಪ್ರಿಂಗ್ ಕೂರಿಸುವುದು ಹೊಸಬರಿಗೆ ಸುಲಭವಲ್ಲ.

ಎಲ್ಲ ಜೋಡಿಸಿ, ಕಾರು ಇಳಿಸಿ ನಟ್ ಬಿಗಿ ಮಾಡಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಇದನ್ನು ಮರೆತರೆ ಮೊದಲ ಬ್ರೇಕ್ ಹಿಡಿಯದೇ ಇರಬಹುದು, ಹುಷಾರು. ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ಪರೀಕ್ಷಿಸಿ, ಆಮೇಲೆ ರಸ್ತೆಗೆ ತನ್ನಿ. ಘಾಟಿಯಲ್ಲಿ ಇನ್ನು ಸೆಕೆಂಡ್ ಗೇರಿನಲ್ಲೇ ಇಳಿಯಿರಿ.