ಗ್ರಿಪ್ ಇದ್ದ ಮಾತ್ರಕ್ಕೆ ಟೈರು ಗಟ್ಟಿಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಹನ ವಿಭಾಗ

ಪ್ರಶ್ನೆ: ನನ್ನ ಕಾರು ಕೊಂಡು ಎಂಟು ವರ್ಷಗಳಾದವು. ಶಾಲೆಗೆ ಬಸ್ಸಿನಲ್ಲಿಯೇ ಹೋಗಿಬರುವುದರಿಂದ ಕಾರು ಇದುವರೆಗೆ ಓಡಿರುವುದು 28,000 ಕಿ.ಮೀ. ಮಾತ್ರ. ಕಾರಿನೊಂದಿಗೆ ಬಂದ ಟೈರುಗಳೇ ಇನ್ನೂ ಇವೆ, ಗ್ರಿಪ್ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಆದರೂ ಮೆಕ್ಯಾನಿಕ್ ನಾಲ್ಕನ್ನೂ ಬದಲಿಸಿರಿ ಎನ್ನುತ್ತಾರೆ. ಬದಲಿಸಲೇಬೇಕೆಂದರೆ, ಕಲಬುರಗಿಯ ಅಂಗಡಿಯೊಂದರಲ್ಲಿ ಬಳಸಿದ ಟೈರುಗಳು ಹೊಸದರ ಅರ್ಧ ಬೆಲೆಗೆ ಸಿಗುತ್ತಿವೆ. ಕೊಳ್ಳಬಹುದೇ?
– ಒಬ್ಬ ಶಿಕ್ಷಕರು, ಸೇಡಂ

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಾಗಿದೆ. ಬಿಸಿಲು ಏರುವ ಮೊದಲೇ ಅವರ ಮಾತನ್ನು ನಡೆಸಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಟೈರಿನ ಆಯುಷ್ಯವನ್ನು ನಾವು ಗ್ರಿಪ್ ನೋಡಿ ಅಳೆಯುತ್ತೇವೆ. ಆದರೆ ಗ್ರಿಪ್ ಸವೆಯುವುದು ಓಡಿದಾಗ ಮಾತ್ರ, ರಬ್ಬರು ಮುಪ್ಪಾಗುವುದು ನಿಂತಾಗಲೂ ನಡೆಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ರಬ್ಬರನ್ನು ನಿಧಾನವಾಗಿ ಗಡುಸು ಮಾಡುತ್ತವೆ, ಮತ್ತು ಶಾಖ ಹೆಚ್ಚಿದಷ್ಟೂ ಈ ಕೆಲಸ ಚುರುಕಾಗುತ್ತದೆ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನಲ್ಲಿ ಒಂದು ಬಗೆಯ ಮೇಣವನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗಿದಾಗಲೆಲ್ಲ ಅದು ಒಳಗಿನಿಂದ ಮೇಲ್ಮೈಗೆ ಬಂದು ಪದರವಾಗಿ ನಿಲ್ಲುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ರಕ್ಷಣೆಯೂ ಕಡಿಮೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ, ಅಂಗಳದ ಫರಸಿಯ ಮೇಲೆ ಬಿಸಿಲಿಗೆ ನಿಂತ ಕಾರಿನ ಟೈರು ಕಡಿಮೆ ಓಡಿದ್ದರಿಂದ ಉಳಿಯಿತು ಎಂದುಕೊಳ್ಳುವುದು ತಪ್ಪು ಲೆಕ್ಕ.

ನಿಮ್ಮ ಟೈರುಗಳ ನಿಜವಾದ ವಯಸ್ಸು ತಿಳಿಯಬೇಕಾದರೆ ಅವುಗಳ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳನ್ನು ಹುಡುಕಿರಿ. ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ಹೇಳುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಹಲವು ಟೈರುಗಳಲ್ಲಿ ಈ ಅಂಕಿಗಳು ಒಂದೇ ಬದಿಗೆ ಇರುತ್ತವೆ, ಹೊರಗೆ ಕಾಣದಿದ್ದರೆ ಒಳಬದಿಯನ್ನು ನೋಡಬೇಕು. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಬಿಚ್ಚಿಸಿ ಪರೀಕ್ಷಿಸಬೇಕು. ಹತ್ತು ವರ್ಷವಾದದ್ದನ್ನು, ಹೊಸದರಂತೆ ಕಂಡರೂ, ತೆಗೆದುಹಾಕಬೇಕು. ಇದು ತಯಾರಕರೇ ಸಾಮಾನ್ಯವಾಗಿ ಹೇಳುವ ಮಾತು. ನಮ್ಮ ಬಿಸಿಲನ್ನು ನೆನೆದು ನಾನು ಆರು, ಹೆಚ್ಚೆಂದರೆ ಏಳು ವರ್ಷಕ್ಕೇ ಗೆರೆ ಎಳೆಯುತ್ತೇನೆ. ಸ್ಟೆಪ್ನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಇನ್ನು ಅರ್ಧ ಬೆಲೆಯ ಟೈರಿನ ಮಾತು. ಹೊಸ ಕಾರ್ ಟೈರಿನ ಗ್ರಿಪ್ ಸುಮಾರು 8 ಮಿ.ಮೀ. ಆಳವಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದನ್ನು ರಸ್ತೆಯಲ್ಲಿ ಬಳಸುವಂತಿಲ್ಲ. ಆದರೆ ನೀರು ನಿಂತ ರಸ್ತೆಯಲ್ಲಿ ಬ್ರೇಕು ಹಿಡಿಯುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಕುಗ್ಗುವುದರಿಂದ 3 ಮಿ.ಮೀ.ಗೆ ಬದಲಿಸುವುದು ಜಾಣತನ. ಅಂದರೆ ಹೊಸ ಟೈರಿನಲ್ಲಿ ನಿಮಗೆ ದಕ್ಕುವುದು 5 ಮಿ.ಮೀ. ಅಂಗಡಿಯವರು ಅರ್ಧ ಗ್ರಿಪ್ ಇದೆ ಎಂದು ತೋರಿಸುವ 4 ಮಿ.ಮೀ. ಟೈರಿನಲ್ಲಿ ದಕ್ಕುವುದು ಒಂದೇ ಮಿ.ಮೀ. ಅರ್ಧ ಹಣ ಕೊಟ್ಟು ಐದನೆಯ ಒಂದು ಪಾಲು ಕೊಂಡಂತಾಗುತ್ತದೆ, ಮತ್ತು ಜೋಡಣೆ, ಬ್ಯಾಲೆನ್ಸಿಂಗ್‌ನ ಖರ್ಚನ್ನು ಬೇಗನೆ ಮತ್ತೊಮ್ಮೆ ಕೊಡಬೇಕಾಗುತ್ತದೆ.

ಹಣಕ್ಕಿಂತ ದೊಡ್ಡ ಚಿಂತೆ ಒಳಗಿನದು. ಗಾಳಿ ಇಳಿದ ಸ್ಥಿತಿಯಲ್ಲೇ ಓಡಿಸಿದ ಟೈರಿನ ಗೋಡೆಯೊಳಗಿನ ನೂಲುಗಳು ಮುರಿದಿರುತ್ತವೆ, ಗುಂಡಿಗೆ ಬಡಿದ ಟೈರಿನ ಉಕ್ಕಿನ ತಂತಿಗಳು ರಬ್ಬರಿನಿಂದ ಬಿಟ್ಟುಕೊಂಡಿರುತ್ತವೆ, ಮತ್ತು ಇವೆರಡೂ ಹೊರಗಿನ ಕಪ್ಪು ಪಾಲಿಶಿನಡಿ ಕಾಣಿಸುವುದಿಲ್ಲ. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಮೈಯನ್ನು ಬೆಳಕಿನಲ್ಲಿ ತಿರುಗಿಸಿ ನೋಡದೆ, ಕೈಯಿಂದ ಸವರಿ ನೋಡದೆ ಯಾವ ಹಳೆಯ ಟೈರನ್ನೂ ಕೊಳ್ಳಬೇಡಿರಿ. ಒಳಗೆ ಸುತ್ತಲೂ ಸುಕ್ಕಿನ ಗೆರೆ, ಉದುರುವ ಕರಿಪುಡಿ, ಗೋಡೆಯಲ್ಲಿ ತೇಪೆ ಇವುಗಳಲ್ಲಿ ಒಂದು ಕಂಡರೂ ಹಿಂದಿರುಗಿಸಿರಿ. ಸವೆದ ಟೈರಿನಲ್ಲಿ ಹೊಸದಾಗಿ ಸಂದು ಕೊರೆದು ಮಾರುವುದೂ ಉಂಟು. ಇದನ್ನು ಪತ್ತೆ ಹಚ್ಚುವುದು ಸುಲಭ: ಗ್ರಿಪ್‌ನ ಸಂದುಗಳ ತಳದಲ್ಲಿ ಸವೆತ ತೋರಿಸುವ ಸಣ್ಣ ದಿಬ್ಬಗಳಿರುತ್ತವೆ, ಅವು ಕಾಣದಿದ್ದರೆ, ಅಥವಾ ಕತ್ತರಿಸಿದಂತಿದ್ದರೆ, ಅಲ್ಲಿ ಬ್ಲೇಡು ಓಡಿದೆ ಎಂದೇ ತಿಳಿಯಿರಿ.

ಒಂದು ಬಗೆಯ ಹಳೆಯ ಟೈರನ್ನು ಮಾತ್ರ ನಾನು ಒಪ್ಪುತ್ತೇನೆ. ಹೊಸ ಕಾರು ಕೊಂಡವರು ಒಂದೆರಡು ತಿಂಗಳಲ್ಲೇ ಅಲಾಯ್ ರಿಮ್ಮು, ದೊಡ್ಡ ಟೈರು ಹಾಕಿಸಿಕೊಂಡಾಗ ಮೂಲ ಟೈರುಗಳು ಅಂಗಡಿಯಲ್ಲಿ ಉಳಿಯುತ್ತವೆ. ನಾಲ್ಕೂ ಒಂದೇ ಜೊತೆಯವು, ತಯಾರಾಗಿ ಒಂದು ವರ್ಷದೊಳಗಿನವು, ನಿಮ್ಮ ಕಾರಿನದೇ ಅಳತೆಯವು ಆಗಿದ್ದು, ಬಿಲ್ಲು ಕೊಡುವುದಾದರೆ ಕೊಳ್ಳಿರಿ. ಉಳಿದಂತೆ, ನಿಮ್ಮ ಕೈಯಲ್ಲಿರುವ ಹಣಕ್ಕೆ ದುಬಾರಿ ಬ್ರಾಂಡಿನ ಹಳೆಯ ಟೈರಿಗಿಂತ ಐಎಸ್‌ಐ ಗುರುತಿರುವ ಸಾಧಾರಣ ಬ್ರಾಂಡಿನ ಹೊಸ ಟೈರೇ ಮೇಲು. ಹೊಸದನ್ನು ಕೊಳ್ಳುವಾಗಲೂ ತಾರೀಖು ನೋಡಿರಿ. ಟೈರಿನ ಮೇಲೆ 'ಟೆಂಪರೇಚರ್' ಎಂಬ ಪದದ ಮುಂದೆ ಎ, ಬಿ ಅಥವಾ ಸಿ ಎಂಬ ದರ್ಜೆ ಮುದ್ರಿತವಾಗಿದ್ದರೆ, ಅದು ವೇಗದ ಓಟದಲ್ಲಿ ಹುಟ್ಟುವ ಶಾಖವನ್ನು ತಾಳುವ ಶಕ್ತಿಯನ್ನು ಸೂಚಿಸುತ್ತದೆ. ನಮ್ಮ ಕಡೆಯವರು ಎ ದರ್ಜೆಯನ್ನೇ ಕೇಳಬೇಕು.

ಗಾಳಿಯ ಬಗ್ಗೆಯೂ ಒಂದು ಮಾತು. ಬೇಸಿಗೆಯಲ್ಲಿ ಟೈರು ಒಡೆಯುತ್ತದೆಂದು ಹೆದರಿ ಗಾಳಿ ಕಡಿಮೆ ಹಾಕಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದು ತಿರುವುಮುರುವಾದ ತಿಳಿವಳಿಕೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದ್ದು ಹೆಚ್ಚು ಕಾಯುತ್ತದೆ, ಒಡೆಯುವುದು ಈ ಕಾವಿನಿಂದ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟು ಗಾಳಿಯನ್ನು, ಬೆಳಗಿನ ತಂಪಿನಲ್ಲಿ, ಕಾರು ಓಡಿಸುವ ಮೊದಲು ತುಂಬಿಸಿರಿ. ಓಡಿ ಬಿಸಿಯಾದ ಟೈರಿನಲ್ಲಿ ಕಾಣುವ ಹೆಚ್ಚಿನ ಒತ್ತಡವನ್ನು ಇಳಿಸಬೇಡಿರಿ.

ಪ್ರಶ್ನೆ: ನನ್ನ ಕಾರಿನ ಟೈರು 165/80 ಆರ್14 ಅಳತೆಯದು. ನೋಟಕ್ಕೂ ಹಿಡಿತಕ್ಕೂ ಅಗಲ ಟೈರು ಚೆನ್ನ ಎನ್ನುತ್ತಾರೆ. ಹಾಕಿಸಲೇ?
– ಓದುಗರು, ಶಹಾಪುರ

ಉತ್ತರ: 165 ಎಂಬುದು ಮಿ.ಮೀ.ಗಳಲ್ಲಿ ಅಗಲ, 80 ಎಂಬುದು ಆ ಅಗಲದ ಶೇಕಡಾವಾರಿನಲ್ಲಿ ಗೋಡೆಯ ಎತ್ತರ, 14 ಎಂಬುದು ರಿಮ್ಮಿನ ಇಂಚು. ಹೊಸ ಅಳತೆ ಯಾವುದಾದರೂ ಇರಲಿ, ಚಕ್ರದ ಒಟ್ಟು ಎತ್ತರ ಬದಲಾಗಬಾರದು; ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ನಿಮ್ಮ ಚಕ್ರದ ಎತ್ತರ ಸುಮಾರು 620 ಮಿ.ಮೀ. 185/70 ಆರ್14 ಹಾಕಿದರೆ ಸುಮಾರು 615, ವ್ಯತ್ಯಾಸ ಶೇ. 1ಕ್ಕೂ ಕಡಿಮೆ. ರಿಮ್ಮಿನ ಅಗಲ ಒಪ್ಪಿದರೆ ಹಾಕಬಹುದು, ಆದರೆ ಮೈಲೇಜು ಇಳಿಯುತ್ತದೆ, ಮತ್ತು ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಅಳತೆಯ ಪಕ್ಕದ ಭಾರದ ಸಂಖ್ಯೆ ಮಾತ್ರ ಮೂಲದ್ದಕ್ಕಿಂತ ಕಡಿಮೆ ಇರಲೇಬಾರದು: 85 ಎಂದರೆ ಒಂದು ಟೈರು 515 ಕೆ.ಜಿ. ಹೊರುತ್ತದೆ, 88 ಎಂದರೆ 560. ನಿಮ್ಮ ಜಾಗದಲ್ಲಿ ನಾನಿದ್ದರೆ ಮೂಲ ಅಳತೆಯನ್ನು ಬಿಡುತ್ತಿರಲಿಲ್ಲ.

ಪ್ರಶ್ನೆ: ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊಲಕ್ಕೆ ಹೋಗಿದ್ದೆವು. ಬದುವಿನ ಬಳಿ ತಿರುಗಿಸುವಾಗ ತೊಗರಿ ಕೂಳೆ ಚುಚ್ಚಿ ಮುಂದಿನ ಟೈರಿನ ಪಕ್ಕಕ್ಕೆ ತೂತಾಯಿತು. ತೇಪೆ ಹಾಕಬಹುದು, ಇಲ್ಲವೇ ಒಳಗೆ ಟ್ಯೂಬು ಸೇರಿಸಬಹುದು ಎಂದು ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಹೊಸದು ಕೊಂಡರೆ ಸದ್ಯಕ್ಕೆ ಎರಡನ್ನು ಮಾತ್ರ ಕೊಳ್ಳಬಲ್ಲೆ.
– ರೈತರು, ಭಾಲ್ಕಿ

ಉತ್ತರ: ಚರಗ ಚೆಲ್ಲಿ ಬರುವ ದಿನದಂದು ಹೊಲದ ದಾರಿಯಲ್ಲಿ ಇಂಥ ತೂತುಗಳು ಆಗುವುದು ಸಹಜ, ಏಕೆಂದರೆ ಒಣಗಿದ ತೊಗರಿ ಕೂಳೆ ಓರೆಯಾಗಿ ಕೊಯ್ದ ಗೂಟದಂತಿರುತ್ತದೆ, ಮತ್ತು ಟೈರಿನ ಗೋಡೆಯಲ್ಲಿ ಅದನ್ನು ತಡೆಯುವ ಉಕ್ಕಿನ ಪಟ್ಟಿಗಳಿರುವುದಿಲ್ಲ. ಅದೇ ಕಾರಣಕ್ಕೆ ಗೋಡೆಯ ತೂತಿಗೆ ತೇಪೆ ನಿಲ್ಲುವುದಿಲ್ಲ. ಉರುಳುವ ಪ್ರತಿ ಸುತ್ತಿಗೂ ಆ ಜಾಗ ಬಾಗುತ್ತದೆ. ದುರಸ್ತಿ ಸಲ್ಲುವುದು ನೆಲಕ್ಕೆ ತಾಗುವ ಭಾಗದಲ್ಲಿ ಆದ, 6 ಮಿ.ಮೀ. ಮೀರದ ತೂತಿಗೆ, ಅದೂ ಟೈರು ಬಿಚ್ಚಿ ಒಳಗಿನಿಂದ ಮಾಡಿದರೆ. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬು ಸೇರಿಸಿದರೆ ಎರಡೂ ಒಂದಕ್ಕೊಂದು ಉಜ್ಜಿ ಕಾಯುತ್ತವೆ, ಮತ್ತು ಗೋಡೆಯ ಗಾಯ ಹಾಗೆಯೇ ಉಳಿಯುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹುಮನಾಬಾದಿನ ಹೆದ್ದಾರಿ ಹತ್ತುವ ಕಾರಿಗೆ ಇದು ಬೇಡ.

ಎರಡು ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಿರಿ, ಹಿಂದಿನ ಒಳ್ಳೆಯ ಜೊತೆಯನ್ನು ಮುಂದಕ್ಕೆ ತನ್ನಿರಿ. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಾದರೂ ಮಾತು ಇದೇ. ಮೃಗಶಿರಾ ಮಳೆ ಬಿದ್ದ ವಾರದಲ್ಲಿ ಟ್ರ್ಯಾಕ್ಟರ್‌ಗಳು ಎಳೆದು ತಂದ ಎರೆಮಣ್ಣು ಡಾಂಬರಿನ ಮೇಲೆ ಸಾಬೂನಿನಂತೆ ಹರಡಿರುತ್ತದೆ. ಆಗ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳಿ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ನಮ್ಮಂಥ ಸಾಮಾನ್ಯ ಚಾಲಕರು ಸರಿಪಡಿಸಲಾರರು. ಬಿಚ್ಚಿದ ಹಳೆಯ ಎರಡರಲ್ಲಿ ತೂತಾಗದ ಟೈರು ವಯಸ್ಸಿನಲ್ಲಿ ಇನ್ನೂ ಎಳೆಯದಾಗಿದ್ದರೆ ಅದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಿರಿ, ಮತ್ತು ಎಳ್ಳಮಾವಾಸ್ಯೆಗೆ ಹೊರಡುವ ಹಿಂದಿನ ದಿನ ಅದರ ಗಾಳಿಯನ್ನೂ ನೋಡಿಸಿರಿ.