ಮೊದಲು ಬೂಟು ನೋಡಿ, ಮಗುವಿನ ಭಯ ಆಮೇಲೆ

ನಿಮ್ಮ ಪ್ರಶ್ನೆ ಇಷ್ಟು: ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಒಟ್ಟಾವಾಗೆ ಬಂದಿದ್ದೀರಿ. ಮಗಳಿಗೆ 6 ವರ್ಷ. ಜನವರಿಯಲ್ಲಿ ಶಾಲೆಯವರು ಐಸ್ ಸ್ಕೇಟಿಂಗಿಗೆ ಕರೆದುಕೊಂಡು ಹೋಗುತ್ತಾರೆ. ಒಮ್ಮೆ ನೀವೇ ಅರೀನಾಗೆ ಕರೆದೊಯ್ದಾಗ ಹತ್ತು ನಿಮಿಷದಲ್ಲಿ "ಕಾಲು ನೋಯ್ತಿದೆ, ಕಾಲು ಮಡಚ್ಕೊಳ್ತಿದೆ" ಅಂತ ಅತ್ತು ಹೊರಗೆ ಬಂದಳು. ಒತ್ತಾಯ ಮಾಡಬೇಕೋ, ಈ ವರ್ಷ ಬಿಟ್ಟುಬಿಡಬೇಕೋ?

ಎರಡೂ ಬೇಡ. ಅವಳು ಹೇಳಿದ ಮಾತನ್ನೇ ಇನ್ನೊಮ್ಮೆ ಕೇಳಿಸಿಕೊಳ್ಳಿ. ಭಯ ಆಗುತ್ತೆ ಅಂತ ಅವಳು ಹೇಳಿಲ್ಲ, ಕಾಲು ಮಡಚಿಕೊಳ್ಳುತ್ತೆ ಅಂದಿದ್ದಾಳೆ. ಅದು ಬೂಟಿನ ದೂರು. ನಮ್ಮವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ: ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜು ದೊಡ್ಡದು ತಗೊಂಡು, ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ ತುಂಬುತ್ತೇವೆ. ಶಾಲೆಯ ಯೂನಿಫಾರ್ಮಿಗೆ ಈ ಲೆಕ್ಕ ನಡೆಯುತ್ತದೆ, ಸ್ಕೇಟ್ಸಿಗೆ ನಡೆಯುವುದಿಲ್ಲ. ಬೂಟಿನೊಳಗೆ ಪಾದ ಅಲ್ಲಾಡಿದರೆ ಪಾದದ ಗಂಟು ಒಳಕ್ಕೆ ವಾಲುತ್ತದೆ, ಬ್ಲೇಡು ನೆಟ್ಟಗೆ ನಿಲ್ಲುವುದಿಲ್ಲ. ಜನ ಇದನ್ನು ನೋಡಿ "ಮಗುವಿನ ಕಾಲಿಗೆ ಶಕ್ತಿ ಇಲ್ಲ" ಅನ್ನುತ್ತಾರೆ. ಶಕ್ತಿ ಇದೆ, ಬೂಟು ಸಡಿಲ ಅಷ್ಟೆ.

ಹಾಕೀ ಸ್ಕೇಟ್ಸ್ ಸಾಮಾನ್ಯವಾಗಿ ಓಡಾಡುವ ಶೂಗಿಂತ ಒಂದರಿಂದ ಒಂದೂವರೆ ಸೈಜು ಕಡಿಮೆ ಬರುತ್ತದೆ. ಸಂಖ್ಯೆ ನಂಬಬೇಡಿ, ಹೀಗೆ ನೋಡಿ. ಲೇಸ್ ಬಿಚ್ಚಿ, ಒಂದೇ ಒಂದು ತೆಳು ಕಾಲುಚೀಲ ಹಾಕಿ, ಬೆರಳು ಮುಂದಕ್ಕೆ ತಾಗುವವರೆಗೆ ಪಾದ ತಳ್ಳಿಸಿ. ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಬಿಗಿಯಾಗಿ ಹೋಗಬೇಕು, ಎರಡು ಹೋದರೆ ದೊಡ್ಡದು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿಸಿ ಹಿಂದಕ್ಕೆ ಕೂರಿಸಿ, ಲೇಸ್ ಕಟ್ಟಿ ನಿಲ್ಲಿಸಿ. ನೆಟ್ಟಗೆ ನಿಂತಾಗ ಕಾಲ್ಬೆರಳು ಮುಂದಕ್ಕೆ ಸವರಿದಂತಿರಬೇಕು, ಮಂಡಿ ಬಗ್ಗಿಸಿದರೆ ಬಿಡಿಸಿಕೊಳ್ಳಬೇಕು. ಲೇಸ್ ಕಟ್ಟುವುದೂ ಒಂದು ಕೆಲಸವೇ: ಬೆರಳುಗಳ ಹತ್ತಿರ ಸ್ವಲ್ಪ ಸಡಿಲ, ಪಾದ ಮೇಲಕ್ಕೆ ತಿರುಗುವ ಕಡೆ ಗಟ್ಟಿ, ಮೇಲ್ತುದಿಯಲ್ಲಿ ಒಂದು ಬೆರಳು ಹೋಗುವಷ್ಟು ಜಾಗ. ಪೂರ್ತಿ ಬಿಗಿದರೆ ರಕ್ತ ಓಡದೆ ಕಾಲು ಜೋಮು ಹಿಡಿಯುತ್ತದೆ, ಬೇಗ ತಣ್ಣಗಾಗುತ್ತದೆ. ಊರಿಂದ ಅಜ್ಜಿ ಹೆಣೆದು ಕಳಿಸಿದ ದಪ್ಪ ಕಾಲುಚೀಲ ಮನೆಯೊಳಗೆ ಹಾಕಿಕೊಳ್ಳಲಿ.

ಹೊಸದೇ ಬೇಕೆಂದಿಲ್ಲ. ಮಕ್ಕಳ ಕಾಲು ವರ್ಷಕ್ಕೊಂದು ಸೈಜು ಬೆಳೆಯುವ ಊರಿನಲ್ಲಿ ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್‌ನಂಥ ಸೆಕೆಂಡ್‌ಹ್ಯಾಂಡ್ ಅಂಗಡಿಗಳು ಇರುವುದೇ ಇದಕ್ಕೆ. ಬೂಟಿನ ಪಾದದ ಗಂಟಿನ ಭಾಗವನ್ನು ಎರಡೂ ಕಡೆಯಿಂದ ಅದುಮಿ ನೋಡಿ. ಮೆತ್ತಗೆ ಒಳಕ್ಕೆ ಹೋದರೆ ಬೇಡ. ಬ್ಲೇಡಿನ ಅಂಚಿನಲ್ಲಿ ತುಕ್ಕು ಗುಳಿ ಬಿದ್ದಿದ್ದರೆ, ರಿವೆಟ್ ಅಲ್ಲಾಡುತ್ತಿದ್ದರೆ ಬೇಡ. ಎರಡೆರಡು ಬ್ಲೇಡಿನ, ಶೂ ಮೇಲೆ ಕಟ್ಟುವ ಪುಟ್ಟ ಸ್ಕೇಟ್ಸ್ ಸಹ ಬೇಡ. ನಿಲ್ಲುವುದಕ್ಕೆ ಸುಲಭ, ಆದರೆ ಅಂಚನ್ನು ಬಳಸಲು ಅದರಲ್ಲಿ ಆಗುವುದೇ ಇಲ್ಲ. ಹೆಲ್ಮೆಟ್ ಮಾತ್ರ ಹೊಸದು ತಗೊಳ್ಳಿ, ಸಿಎಸ್‌ಎ (ಕೆನಡಾದ ಸುರಕ್ಷತಾ ಮಾನದಂಡ) ಗುರುತಿರುವ ಹಾಕೀ ಹೆಲ್ಮೆಟ್ಟೇ ಆಗಬೇಕು. ಸೈಕಲ್ ಹೆಲ್ಮೆಟ್ ತಲೆಯ ಹಿಂಭಾಗವನ್ನು ಸರಿಯಾಗಿ ಮುಚ್ಚುವುದಿಲ್ಲ, ಐಸ್ ಮೇಲೆ ಮಕ್ಕಳು ಹಿಂದಕ್ಕೂ ಬೀಳುತ್ತಾರೆ. ಮುಖದ ಜಾಲರಿ ಇದ್ದರೆ ಹಲ್ಲು ಉಳಿಯುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಹೊಸ ಸ್ಕೇಟ್ಸಿಗೆ ಎಷ್ಟೋ ಸಲ ಸಾಣೆ ಹಿಡಿದಿರುವುದೇ ಇಲ್ಲ. ಬ್ಲೇಡಿನ ತಳ ಚಪ್ಪಟೆಯಲ್ಲ, ನಡುವೆ ಉದ್ದಕ್ಕೂ ಸಣ್ಣ ಹಳ್ಳ ಇರುತ್ತದೆ, ಅದರ ಎರಡು ಬದಿಯ ಅಂಚುಗಳೇ ಐಸನ್ನು ಹಿಡಿಯುವುದು. ಅಂಚು ಇಲ್ಲದ ಬ್ಲೇಡಿನಲ್ಲಿ ತಳ್ಳಿದರೆ ಕಾಲು ಪಕ್ಕಕ್ಕೆ ಜಾರುತ್ತದೆಯೇ ಹೊರತು ಮಗು ಮುಂದೆ ಹೋಗುವುದಿಲ್ಲ. ಅಂಗಡಿಯಲ್ಲಿ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಅರ್ಧ ಇಂಚಿನ ಸಾಣೆ (ಇದು ಹಳ್ಳದ ಬಾಗಿನ ತ್ರಿಜ್ಯ, ಆಳವಲ್ಲ; ಸಂಖ್ಯೆ ಕಡಿಮೆಯಾದಷ್ಟೂ ಹಳ್ಳ ಆಳ) ಹಿಡಿಯುತ್ತಾರೆ, ಕಲಿಯುವವರಿಗೆ ಅದು ಸಾಕು. ಅದಕ್ಕಿಂತ ಆಳ ಬೇಡ, ನಿಲ್ಲಿಸುವುದು ಕಲಿಯುವಾಗ ಬ್ಲೇಡು ಕಚ್ಚಿಕೊಳ್ಳುತ್ತದೆ. ಸಿಮೆಂಟ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಾಣೆ ಹೋಯಿತು. ನಡೆಯುವಾಗ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಹಾಕಿ. ಮನೆಗೆ ಬಂದ ಮೇಲೆ ಅದನ್ನು ತೆಗೆದು, ಬ್ಲೇಡು ಒರೆಸಿ, ಬಟ್ಟೆಯ ಕವರ್ ಹಾಕಿ. ಗಾರ್ಡಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಇನ್ನು ಕಲಿಕೆ. ಮೊದಲ ಪಾಠ ಮನೆಯ ಕಾರ್ಪೆಟ್ ಮೇಲೆ, ಗಾರ್ಡ್ ಹಾಕಿದ ಸ್ಕೇಟ್ಸಿನಲ್ಲೇ, ಮೂರು ನಾಲ್ಕು ದಿನ ಹತ್ತತ್ತು ನಿಮಿಷ. ಅರ್ಧ ಬಸ್ಕಿಯಲ್ಲಿ ನಿಲ್ಲುವುದು, ಕೈ ಸೊಂಟದ ಎತ್ತರಕ್ಕೆ ಮುಂದೆ ಚಾಚುವುದು, ಸೈನಿಕರ ಹಾಗೆ ಹೆಜ್ಜೆ ಎತ್ತಿ ಹಾಕುವುದು. ಸ್ಕೇಟ್ಸ್ ಇಲ್ಲದಾಗ ಕುಂಟೆಬಿಲ್ಲೆ ಆಡಿಸಿ, ಒಂಟಿ ಕಾಲಿನ ಸಮತೋಲನಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಇವೆಲ್ಲಕ್ಕಿಂತ ಮುಖ್ಯ, ಬೀಳುವುದನ್ನು ಕಲಿಸಿ. ಬೀಳುವ ಹಾಗಾದರೆ ಮಂಡಿ ಬಗ್ಗಿಸಿ ಕೆಳಗೆ ಕುಕ್ಕರಿಸುತ್ತಾ ಒಂದು ಪಕ್ಕಕ್ಕೆ, ತೊಡೆಯ ಮೇಲೆ ಬೀಳಬೇಕು. ಕೈ ಹಿಂದಕ್ಕೆ ಊರಬಾರದು, ಮಣಿಕಟ್ಟು ಮುರಿಯುವುದು ಹಾಗೆಯೇ. ಬಿದ್ದ ತಕ್ಷಣ ಮುಷ್ಟಿ ಕಟ್ಟಿ ಕೈ ಒಳಗೆಳೆದುಕೊಳ್ಳಬೇಕು, ಹಿಂದೆ ಬರುವವರ ಬ್ಲೇಡಿಗೆ ಬೆರಳು ಸಿಗದಂತೆ. ಏಳಲು ಅಂಬೆಗಾಲಿಗೆ ಬರುವುದು, ಎರಡು ಕೈಗಳ ನಡುವೆ ಒಂದು ಪಾದ ತರುವುದು, ಎರಡೂ ಕೈ ಆ ಮಂಡಿಯ ಮೇಲಿಟ್ಟು ಒತ್ತಿ ಏಳುವುದು. ಇದನ್ನು ಆಟ ಮಾಡಿ, ನೀವೂ ಬೀಳಿ. ಹತ್ತು ಸಲ ತಾನಾಗಿ ಎದ್ದ ಮಗುವಿಗೆ ಹನ್ನೊಂದನೆಯ ಸಲ ಬೀಳುವುದು ದೊಡ್ಡ ವಿಷಯವಾಗಿ ಉಳಿಯುವುದಿಲ್ಲ.

ಐಸ್ ಮೇಲೆ ಮೊದಲ ದಿನ 20 ನಿಮಿಷ ಸಾಕು. ಅಲ್ಲೂ ಮೊದಲು ಬಿದ್ದು ಏಳುವುದೇ. ಆಮೇಲೆ ಹೆಜ್ಜೆ, ಅದೂ ಜಾರದೆ, ಬರೀ ಎತ್ತಿಡುವುದು. ಮೂರು ಹೆಜ್ಜೆ ಇಟ್ಟು ಎರಡೂ ಪಾದ ಸಮ ಇಟ್ಟು ಸುಮ್ಮನೆ ನಿಂತರೆ ಬ್ಲೇಡು ತಾನೇ ಸ್ವಲ್ಪ ದೂರ ಜಾರುತ್ತದೆ. ಮಗುವಿನ ಮುಖ ಅರಳುವುದು ಅಲ್ಲೇ. ಅದಾದ ಮೇಲೆ ಹಿಮ್ಮಡಿ ಜೋಡಿಸಿ, ಪಾದ ಹೊರಕ್ಕೆ ಬಿಟ್ಟು, ಮತ್ತೆ ಒಳಕ್ಕೆ ಎಳೆದು, ಐಸ್ ಮೇಲೆ ನಿಂಬೆಹಣ್ಣಿನ ಆಕಾರ ಬರೆಯುವುದು. ಕೊನೆಗೆ ಸ್ನೋಪ್ಲೋ ನಿಲುಗಡೆ: ಬೆರಳು ಒಳಕ್ಕೆ, ಹಿಮ್ಮಡಿ ಹೊರಕ್ಕೆ, ಮಂಡಿ ಬಗ್ಗಿಸಿ ಐಸನ್ನು ಹೊರಕ್ಕೆ ಒತ್ತಿ ಹೆರೆಯುವುದು. ಗೋಡೆ ಹಿಡಿದು ನಿಂತಲ್ಲೇ ಒಂದೊಂದೇ ಕಾಲಿನಲ್ಲಿ ಐಸ್ ಹೆರೆದು ಪುಡಿ ಮಾಡಿಸಿ, ನಿಲುಗಡೆ ಅರ್ಧ ಬಂದಂತೆ.

ಕೈ ಹಿಡಿಯುವ ವಿಷಯದಲ್ಲಿ ನಮ್ಮವರು ಸ್ವಲ್ಪ ಹೆಚ್ಚೇ. ಪಕ್ಕದಲ್ಲಿ ನಿಂತು ಮಗುವಿನ ಕೈಯನ್ನು ಮೇಲಕ್ಕೆ ಎತ್ತಿ ಹಿಡಿದರೆ ಅವಳ ಭಾರ ನಿಮ್ಮ ಕೈಗೆ ಬರುತ್ತದೆ, ಮಂಡಿ ನೆಟ್ಟಗಾಗುತ್ತದೆ, ಬಿಟ್ಟ ಕ್ಷಣ ಬೀಳುತ್ತಾಳೆ. ನಿಮಗೂ ಸ್ಕೇಟಿಂಗ್ ಬರದಿದ್ದರೆ ನೀವೇ ಅವಳ ಮೇಲೆ ಬೀಳುತ್ತೀರಿ. ಹಿಡಿಯಲೇಬೇಕಾದರೆ ಎದುರಿಗೆ ನಿಂತು, ಸೊಂಟದ ಎತ್ತರದಲ್ಲಿ ಅಂಗೈ ಮೇಲೆ ಅಂಗೈ. ಅರೀನಾದಲ್ಲಿ ಕೊಡುವ ತಳ್ಳುವ ಚೌಕಟ್ಟು ಮೊದಲ ಐದು ನಿಮಿಷಕ್ಕೆ ಸರಿ, ಆಮೇಲೆ ಅದರ ಮೇಲೆ ಬಾಗಿ ಒರಗುವ ಚಟ ಬೀಳುತ್ತದೆ. ಅದರ ಬದಲು ಎರಡು ಮೀಟರ್ ದೂರದಲ್ಲಿ ಒಂದು ಕೈಗವಸು ಬಿಸಾಕಿ, ತಂದುಕೊಡು ಅನ್ನಿ. ನೋಟ ಪಾದದಿಂದ ಮೇಲಕ್ಕೆ ಬರುತ್ತದೆ, ಜೊತೆಗೆ ಬಗ್ಗುವುದೂ ಕಲಿತಂತಾಯಿತು.

"ಭಯ ಪಡಬೇಡ" ಅನ್ನುವುದರಿಂದ ಭಯ ಹೋಗುವುದಿಲ್ಲ. "ಪಕ್ಕದ ಮನೆ ಹುಡುಗ ನೋಡು" ಅಂದರೆ ಇನ್ನೂ ಗಟ್ಟಿಯಾಗುತ್ತದೆ. ಆ ಹುಡುಗ ಮೂರನೇ ವರ್ಷದಿಂದ ಐಸ್ ಮೇಲೆ ಇದ್ದಾನೆ. ಅವಳನ್ನೇ ಕೇಳಿ: ಇವತ್ತು ಗೋಡೆ ಬಿಟ್ಟು ಎಷ್ಟು ಹೆಜ್ಜೆ? ನಾಲ್ಕು ಅಂದರೆ ನಾಲ್ಕೇ. ಚೆನ್ನಾಗಿ ಮಾಡಿದೆ ಅನ್ನುವ ಬದಲು "ಈ ಸಲ ಮಂಡಿ ಬಗ್ಗಿಸಿದೆ, ಅದಕ್ಕೇ ಬೀಳಲಿಲ್ಲ" ಅನ್ನಿ, ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಇನ್ನೂ ಆಡಬೇಕು ಅನ್ನುವಾಗಲೇ ಹೊರಗೆ ಕರೆತನ್ನಿ. ವಾರಕ್ಕೆ ಎರಡು ಸಲ ಅರ್ಧ ಗಂಟೆ, ಭಾನುವಾರ ಒಂದೇ ಸಲ ಎರಡು ಗಂಟೆಗಿಂತ ಮೇಲು. ತರಗತಿ ಬೇಕೆಂದರೆ ಇಲ್ಲಿನ ರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆ ಸ್ಕೇಟ್ ಕೆನಡಾದ ಕ್ಯಾನ್‌ಸ್ಕೇಟ್ ಎಂಬ ಕಲಿಕಾ ಕಾರ್ಯಕ್ರಮ ಇದೆ. ಸಮತೋಲನ, ನಿಯಂತ್ರಣ, ಚುರುಕುತನ ಎಂದು ಮೂರು ಭಾಗ, ಆರು ಹಂತ, ದಾಟಿದಂತೆ ರಿಬ್ಬನ್ನು, ಬ್ಯಾಡ್ಜು.

ಚಳಿಗೆ ಸ್ನೋ ಪ್ಯಾಂಟ್, ನೀರು ಇಳಿಯದ ಕೈಗವಸು, ಹೆಲ್ಮೆಟ್ಟಿನ ಒಳಗೆ ತೆಳು ಟೋಪಿ. ಉದ್ದ ಮಫ್ಲರ್ ಬೇಡ, ಸಿಕ್ಕಿಹಾಕಿಕೊಳ್ಳುತ್ತದೆ, ಕುತ್ತಿಗೆಗೆ ಕೊಳವೆಯಂಥ ನೆಕ್ ವಾರ್ಮರ್ ಸಾಕು. ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿಯ ಅಳತೆ, -28 ಮುಟ್ಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ಆ ದಿನ ಒಳಾಂಗಣದ ಅರೀನಾ.

ಚಳಿಗಾಲದಲ್ಲಿ ಹೆಪ್ಪುಗಟ್ಟಿ ಊರ ನಡುವೆ ಸ್ಕೇಟಿಂಗ್ ದಾರಿಯಾಗುವ ರಿಡೋ ಕಾಲುವೆಗೆ ಆತುರ ಬೇಡ. ಆ ದಾರಿ 7.8 ಕಿಲೋಮೀಟರ್ ಉದ್ದ, ಟಿಕೆಟ್ ಇಲ್ಲ, ಸೊಗಸು ನಿಜ. ಆದರೆ ಅದು ಸಹಜ ಐಸು, ಉದ್ದುದ್ದ ಬಿರುಕುಗಳಲ್ಲಿ ಕಲಿಯುವವರ ಬ್ಲೇಡು ಸಿಕ್ಕುತ್ತದೆ. ಐಸು ಸುಮಾರು 30 ಸೆಂಟಿಮೀಟರ್ ದಪ್ಪ ಆಗದೆ ತೆರೆಯುವುದೂ ಇಲ್ಲ, 2022-23ರ ಚಳಿಗಾಲದಲ್ಲಿ ತೆರೆಯಲೇ ಇಲ್ಲ. ಅಲ್ಲಿಯವರೆಗೆ ಸಿಟಿ ಹಾಲ್ ಅಂಗಳದ ರಿಂಕ್ ಇದೆ, ಕೆಳಗೆ ಯಂತ್ರದಿಂದ ತಂಪು ಮಾಡಿದ ನುಣುಪಾದ ಐಸು, ಅದೂ ಉಚಿತ. ಸ್ನೋಪ್ಲೋ ನಿಲುಗಡೆ ಬಂದ ಮೇಲೆ ಕಾಲುವೆ. ಆಗಲೂ ಬಿಸಿ ಹಾಲಿನ ಫ್ಲಾಸ್ಕ್, ಒಣ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ. ಹೋಗುವಾಗ ಗಾಳಿಗೆ ಎದುರಾಗಿ ಹೊರಡಿ. ವಾಪಸು ಬರುವಾಗ ಕಾಲು ಸೋತಿರುತ್ತದೆ, ಆಗ ಗಾಳಿ ಬೆನ್ನಿಗಿದ್ದು ತಳ್ಳುತ್ತದೆ.