ಮರಳುಗಾಡು, ಕಡಲು, ನಾಲ್ಕು ರೌಂಡ್ ಗಾಲ್ಫ್: ಕ್ಯಾಲಿಫೋರ್ನಿಯಾದಲ್ಲಿ ಯಾವ ಕೋರ್ಸ್ ಆಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಷಿಕಾಗೋದಲ್ಲಿದ್ದೀರಿ, ಬೆಂಗಳೂರಿನಿಂದ ನಿಮ್ಮ ಬಾವ ಬರುತ್ತಿದ್ದಾರೆ. ಆರು ದಿನದಲ್ಲಿ ಪಾಮ್ ಸ್ಪ್ರಿಂಗ್ಸ್ ಕಡೆಯ ಮರಳುಗಾಡು, ಸ್ಯಾನ್ ಡಿಯಾಗೋ ಕಡಲು ಎರಡೂ ಆಗಬೇಕು. ಗಾಲ್ಫ್ ನಾಲ್ಕು ರೌಂಡ್. ನಿಮ್ಮ ಹ್ಯಾಂಡಿಕ್ಯಾಪ್ (ಕಡಿಮೆ ಇದ್ದಷ್ಟೂ ಆಟ ಚೆನ್ನ) 24, ಬಾವನದು 11, ನಿಮ್ಮ ಮನೆಯವರು ಈಗಷ್ಟೇ ಕಲಿಯುತ್ತಿದ್ದಾರೆ. ಬಾವನ ಪಟ್ಟಿಯಲ್ಲಿ ಸ್ಯಾನ್ ಡಿಯಾಗೋದ ಟೊರೆ ಪೈನ್ಸ್ ಸೌತ್ ಮತ್ತು ಮರಳುಗಾಡಿನ ಕಡೆಯ ಪಿಜಿಎ ವೆಸ್ಟ್‌ನ ಸ್ಟೇಡಿಯಂ ಕೋರ್ಸ್ ಎರಡೂ ಇವೆ. ಬರುವುದು ಅಕ್ಟೋಬರ್ ಮೊದಲ ವಾರವೋ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರವೋ ಇನ್ನೂ ಗೊತ್ತಿಲ್ಲ.

ನಾನು ಸ್ಯಾನ್ ಡಿಯಾಗೋದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಆಟ ನಿಮ್ಮ ಮಟ್ಟದ್ದೇ. ಕೋರ್ಸ್ ಯಾವುದು ಅನ್ನುವುದಕ್ಕಿಂತ ಮೊದಲು ತಿಂಗಳು ಯಾವುದು ಅಂತ ತೀರ್ಮಾನ ಮಾಡಿ. ಅಕ್ಟೋಬರ್ ಬೇಡವೇ ಬೇಡ.

ಕಾರಣ ಹುಲ್ಲು. ಪಾಮ್ ಸ್ಪ್ರಿಂಗ್ಸ್ ಕಣಿವೆಯ ಕೋರ್ಸ್‌ಗಳಲ್ಲಿ ಬುಡದಲ್ಲಿರುವುದು ಬರ್ಮುಡಾ ಹುಲ್ಲು, ಅಂದರೆ ನಾವು ಗಣಪನಿಗೆ ಇಡುವ ಗರಿಕೆಯದೇ ಜಾತಿ. ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಚಳಿ ಬಂದರೆ ಕಂದು ತಿರುಗಿ ಮಲಗಿಬಿಡುತ್ತದೆ. ಚಳಿಗಾಲದಲ್ಲೇ ಅಲ್ಲವಾ ದುಡ್ಡು ಕೊಡುವ ಜನ ಬರುವುದು? ಅದಕ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಂದೊಂದೇ ಕೋರ್ಸನ್ನು ಕೆಲವು ವಾರ ಮುಚ್ಚಿ, ಗರಿಕೆಯನ್ನು ನೆಲಮಟ್ಟಕ್ಕೆ ಬೋಳಿಸಿ, ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಇದಕ್ಕೆ ಓವರ್‌ಸೀಡಿಂಗ್ ಅನ್ನುತ್ತಾರೆ. ಮತ್ತೆ ತೆರೆದ ಮೇಲೂ ಸ್ವಲ್ಪ ದಿನ ಆಟಗಾರರ ಪುಟ್ಟ ಗಾಡಿ, ಅಂದರೆ ಕಾರ್ಟ್, ಹುಲ್ಲಿನ ಮೇಲೆ ಹೋಗುವ ಹಾಗಿಲ್ಲ. ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಅಕ್ಟೋಬರ್‌ನಲ್ಲಿ ಹೋಗಿ ಅನುಭವಿಸಿದ್ದೇನೆ. ಫೇರ್‌ವೇ, ಅಂದರೆ ಚೆಂಡು ಬೀಳಬೇಕಾದ ಕತ್ತರಿಸಿದ ಹುಲ್ಲಿನ ಹಾದಿ, ಎಲ್ಲ ಸೋರುವ ಸ್ಪ್ರಿಂಕ್ಲರ್ ನೀರಿನಿಂದ ಪಿಚಪಿಚ ಅನ್ನುತ್ತಿತ್ತು. ಓರೆಯಾಗಿ ತಿರುಗಿ ಹೋಗುವ ನನ್ನ ಸ್ಲೈಸ್ ಹೊಡೆತ ಒಂದು ಕಡೆ, ಕಾರ್ಟ್ ದಾರಿ ಇನ್ನೊಂದು ಕಡೆ. ಮೂರು ಕ್ಲಬ್ ಕೈಯಲ್ಲಿ ಹಿಡಿದು 18 ಹೋಲ್ ಅಡ್ಡಡ್ಡ ನಡೆದೆ. ಬುಕ್ ಮಾಡುವಾಗ ಇದನ್ನು ಯಾರೂ ಹೇಳಲಿಲ್ಲ. ಯಾವ ಕೋರ್ಸ್ ಅಂತ ಹೇಳುವುದು ಬೇಡ, ಆ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕಥೆ ಅದೇ.

ನವೆಂಬರ್ ಕೊನೆಗೆ ರೈ ಹುಲ್ಲು ಬಂದು ಎಲ್ಲ ಹಸಿರಾಗಿರುತ್ತದೆ. ಮಧ್ಯಾಹ್ನ 25 ಡಿಗ್ರಿ ಆಸುಪಾಸು. ದರ ಏರಿರುತ್ತದೆ, ಆದರೆ ಜನವರಿಯಿಂದ ಮಾರ್ಚ್‌ವರೆಗಿನ ಹುಚ್ಚು ದರ ಇರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಬರುವುದರಿಂದ ಮರಳುಗಾಡಿನ ಆಟವನ್ನು ಬುಧವಾರದ ಒಳಗೆ ಮುಗಿಸಿ, ಆಮೇಲೆ ರಜಾ ಗುಂಪು ಬಂದು ಬೀಳುತ್ತದೆ.

ಈಗ ಬಾವನ ಸ್ಟೇಡಿಯಂ ಕೋರ್ಸ್ ವಿಷಯ. ಪೀಟ್ ಡೈ ವಿನ್ಯಾಸ ಮಾಡಿದ್ದು, 1986ರಲ್ಲಿ ತೆರೆದಿದ್ದು, ಲಾ ಕಿಂಟಾದಲ್ಲಿದೆ. 1987ರಲ್ಲಿ ಬಾಬ್ ಹೋಪ್ ಟೂರ್ನಿ ಅಲ್ಲಿ ನಡೆದಾಗ ವೃತ್ತಿಪರ ಆಟಗಾರರೇ ಇದು ವಿಪರೀತ ಕಷ್ಟ ಅಂತ ಗಲಾಟೆ ಮಾಡಿ, ಆ ಟೂರ್ನಿಯಿಂದ ಕೋರ್ಸನ್ನೇ ತೆಗೆಸಿಬಿಟ್ಟರು. ಅದು ಮತ್ತೆ ಸೇರಿದ್ದು 2016ರಲ್ಲಿ. 16ನೇ ಹೋಲ್‌ನ ಗ್ರೀನ್ (ಗುಂಡಿ ಇರುವ ನುಣುಪು ಹುಲ್ಲಿನ ಜಾಗ) ಪಕ್ಕದ ಬಂಕರ್, ಅಂದರೆ ಮರಳಿನ ಹೊಂಡ, ಸುಮಾರು 20 ಅಡಿ ಆಳ, ಹಾಳು ಬಾವಿ ಅನ್ನಬಹುದು. 17ನೆಯದು ನೀರಿನ ನಡುವೆ ಕಲ್ಲು ಕಟ್ಟಿದ ನಡುಗಡ್ಡೆ ಗ್ರೀನ್, ಹೆಸರೇ ಅಲ್ಕಟ್ರಾಜ್, ಸ್ಯಾನ್ ಫ್ರಾನ್ಸಿಸ್ಕೋದ ಹಳೇ ನಡುಗಡ್ಡೆ ಜೈಲಿನದು. ಹೆಸರಾಂತ ಆಟಗಾರ ಲೀ ಟ್ರೆವಿನೋ 1987ರಲ್ಲಿ ಇಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಗುಂಡಿಗೆ ಹಾಕಿದ್ದರು, ಸರಿ. ನಾನು ಮೂರು ಚೆಂಡು ನೀರಿಗೆ ಹಾಕಿದೆ. ಹ್ಯಾಂಡಿಕ್ಯಾಪ್ 11 ಇರುವ ನಿಮ್ಮ ಬಾವನಿಗೆ ಅದು ಖುಷಿ ಕೊಡಬಹುದು. 24 ಇರುವವರಿಗೆ ಅದು ದುಡ್ಡು ಕೊಟ್ಟು ಬೈಸಿಕೊಂಡ ಹಾಗೆ. ಬಾವನನ್ನು ಒಂದು ಬೆಳಗ್ಗೆ ಒಬ್ಬರೇ ಕಳಿಸಿಬಿಡಿ, ಅಲ್ಲಿ ಯಾವುದಾದರೂ ಗುಂಪಿನ ಜೊತೆ ಸೇರಿಸಿ ಆಡಿಸುತ್ತಾರೆ. ನೀವು ಮನೆಯವರ ಜೊತೆ ಕೇಬಲ್ ಕಾರ್ ಹತ್ತಿ ಸ್ಯಾನ್ ಹಸಿಂಟೋ ಬೆಟ್ಟ ನೋಡಿಕೊಂಡು ಬನ್ನಿ.

ನೀವು ಇಬ್ಬರೂ ಸೇರಿ ಆಡುವುದಕ್ಕೆ ಊರಿನ ಆಡಳಿತವೇ ನಡೆಸುವ ಕೋರ್ಸ್‌ಗಳನ್ನು ಹಿಡಿಯಿರಿ. ನಮ್ಮ ಕಡೆ ಮುನಿಸಿಪಾಲಿಟಿ ಮೈದಾನ ಅಂದರೆ ಮನಸ್ಸಿಗೆ ಬರುವ ಚಿತ್ರ ಬೇರೆ, ಇಲ್ಲಿ ಅದನ್ನು ಮರೆತುಬಿಡಿ. ನನ್ನ ಮೊದಲ ಆಯ್ಕೆ ಪಾಮ್ ಡೆಸರ್ಟ್ ಊರಿನ ಡೆಸರ್ಟ್ ವಿಲೋ. 1997ರಲ್ಲಿ ಶುರುವಾಗಿದ್ದು, ಎರಡು ಕೋರ್ಸ್ ಇವೆ: ಫೈರ್‌ಕ್ಲಿಫ್ ಮತ್ತು ಮೌಂಟನ್ ವ್ಯೂ. ಫೈರ್‌ಕ್ಲಿಫ್‌ನಲ್ಲಿ ನೂರಕ್ಕೂ ಜಾಸ್ತಿ ಬಂಕರ್, ನಮ್ಮಂಥವರಿಗೆ ಮೌಂಟನ್ ವ್ಯೂ ಸಾಕು. ನೀವು ಮರಳುಗಾಡಿನ ಗಾಲ್ಫ್ ಅಂತ ಕನಸು ಕಂಡಿರುವುದು ನಿಜವಾಗಿ ಇದನ್ನೇ. ಹುಲ್ಲು ಬೇಕಾದಷ್ಟೇ ಇದೆ, ಅದರ ಅಂಚಿನಿಂದ ಆಚೆ ಬರೀ ಮರಳು, ಕಳ್ಳಿ, ಕುರುಚಲು ಗಿಡ. ಹತ್ತಿರದ ಬೇರೆ ಎಷ್ಟೋ ಕೋರ್ಸ್‌ಗಳು ಕೆರೆ, ಹೂವು, ಖರ್ಜೂರದ ಮರ ಎಲ್ಲ ತುಂಬಿಕೊಂಡು ಫ್ಲೋರಿಡಾದ ಹಾಗೆ ಕಾಣುತ್ತವೆ. ಮರಳಿಗೆ ಹೋದ ಚೆಂಡನ್ನು ಪೊದೆಯೊಳಗೆ ಕೈ ಹಾಕಿ ಹುಡುಕಬೇಡಿ. ಬುಡುಬುಡಿಕೆ ಬಾಲದ ಹಾವು ಇರುವ ಜಾಗ ಅದು. ಹೋದದ್ದು ಹೋಯಿತು, ಹೊಸ ಚೆಂಡು ತೆಗೆಯಿರಿ.

ಎರಡನೆಯದು ಲಾ ಕಿಂಟಾದ ಸಿಲ್ವರ್‌ರಾಕ್. ಅದೂ ಊರಿನದೇ, ಆರ್ನಾಲ್ಡ್ ಪಾಮರ್ ವಿನ್ಯಾಸ, 2005ರದ್ದು. ಬೆಟ್ಟದ ಬುಡಕ್ಕೇ ಅಂಟಿಕೊಂಡಿದೆ, ಫೇರ್‌ವೇ ಅಗಲ. ಇಂಡಿಯನ್ ವೆಲ್ಸ್ ಊರಿನ ಎರಡು ಕೋರ್ಸ್‌ಗಳೂ ಚೆನ್ನಾಗಿವೆ, ಆದರೆ ನಾನು ಈಗ ಹೇಳಿದ ನೀರು, ಹೂವಿನ ಕಥೆ ಅಲ್ಲಿದೆ. ಸಮಯ ಇಲ್ಲದಿದ್ದರೆ ಅದನ್ನು ಬಿಡಬಹುದು.

ಬಾವನಿಗೆ ಒಂದು ಮಾತು ಮೊದಲೇ ಹೇಳಿಡಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಅಲ್ಲಿ ಗಾಳಿ ತೆಳು, ಚೆಂಡು ಒಂದಿಷ್ಟು ಮುಂದೆ ಹೋಗುತ್ತದೆ. ಲಾ ಕಿಂಟಾ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ. ಸ್ಯಾನ್ ಡಿಯಾಗೋದ ಬೆಳಗಿನ ತಣ್ಣನೆ ಗಾಳಿಯಲ್ಲಂತೂ ಇನ್ನೂ ಹಿಂದೆ ಬೀಳುತ್ತದೆ. ಬೆಂಗಳೂರಿನ ಕೆಜಿಎ ಕೋರ್ಸ್‌ನಲ್ಲಿ ಏಳನೇ ಐರನ್ ಕ್ಲಬ್ ಹೊಡೆಯುವ ದೂರಕ್ಕೆ ಇಲ್ಲಿ ಆರನೆಯದು ತೆಗೆಯಲಿ, ನಂಬರ್ ಕಡಿಮೆ ಆದಷ್ಟೂ ಚೆಂಡು ದೂರ ಹೋಗುತ್ತದೆ. ನನ್ನ ಅಣ್ಣ ಬಂದಾಗ ಎರಡು ದಿನ ಎಲ್ಲ ಹೊಡೆತವೂ ಗ್ರೀನ್ ಮುಂದೆ ಬಿದ್ದು, ಬಾಡಿಗೆ ಕ್ಲಬ್ ಸರಿ ಇಲ್ಲ ಅಂತ ಜಗಳ ಮಾಡುತ್ತಿದ್ದ.

ಮರಳುಗಾಡಿನಿಂದ ಸ್ಯಾನ್ ಡಿಯಾಗೋಗೆ ಎರಡೂವರೆ ಗಂಟೆ, ಟ್ರಾಫಿಕ್ ಇದ್ದರೆ ಮೂರು. ಪಾಮ್ ಡೆಸರ್ಟ್‌ನಿಂದ 74ನೇ ಹೆದ್ದಾರಿಯಲ್ಲಿ ಬೆಟ್ಟ ಹತ್ತಿ ಬನ್ನಿ. ಕಳ್ಳಿಯಿಂದ ಶುರುವಾಗಿ ಪೈನ್ ಕಾಡಿಗೆ ಹೋಗುವ ಆ ದಾರಿ, ತಿರುವುಗಳಲ್ಲಿ ನಮ್ಮ ಚಾರ್ಮಾಡಿ ಘಾಟಿ ನೆನಪಾಗುತ್ತದೆ, ಮಳೆ ಒಂದು ಬಿಟ್ಟು. ಮರಳುಗಾಡು ಮೊದಲು, ಕಡಲು ಆಮೇಲೆ ಇಟ್ಟುಕೊಳ್ಳಿ. ಪಾಮ್ ಸ್ಪ್ರಿಂಗ್ಸ್‌ಗೆ ಇಳಿದು ಸ್ಯಾನ್ ಡಿಯಾಗೋದಿಂದ ವಿಮಾನ ಹತ್ತಿದರೆ ವಾಪಸ್ ಓಡಾಟವೂ ಉಳಿಯುತ್ತದೆ.

ಟೊರೆ ಪೈನ್ಸ್ ಸೌತ್ ಆಡಿಸಲೇಬೇಕು, ಅದರಲ್ಲಿ ಬಾವನ ಪರ ನಾನು. 1957ರಲ್ಲಿ ತೆರೆದ, ಸ್ಯಾನ್ ಡಿಯಾಗೋ ನಗರದ ಸ್ವಂತ ಕೋರ್ಸ್. 2008ರ ಯುಎಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಕಾಲಿನ ಮೂಳೆ ಬಿರುಕು ಬಿಟ್ಟಿದ್ದರೂ, ನಾಲ್ಕು ದಿನದ ಆಟ ಸಮವಾದ ಮೇಲೆ ಸೋಮವಾರ ಇನ್ನೂ 19 ಹೋಲ್ ಆಡಿ ಗೆದ್ದದ್ದು ಇಲ್ಲೇ. 2021ರಲ್ಲಿ ಜಾನ್ ರಾಮ್ ಗೆದ್ದದ್ದೂ ಇಲ್ಲೇ. ಆದರೆ ಕಡಲ ಪಕ್ಕ ಅಂದರೆ ಅಲೆ ಕಾಲಿಗೆ ತಾಗುತ್ತದೆ ಅಂದುಕೊಳ್ಳಬೇಡಿ. ಕೋರ್ಸ್ ಇರುವುದು ಕಡಿದಾದ ದಿಬ್ಬದ ಮೇಲೆ, ಸಮುದ್ರ ಕೆಳಗೆ. ಮೂರನೇ ಹೋಲ್‌ನಲ್ಲಿ ಟೀ, ಅಂದರೆ ಮೊದಲ ಹೊಡೆತದ ಜಾಗದ ಮೇಲೆ ನಿಂತರೆ ನೇರ ಕಡಲಿಗೇ ಹೊಡೆಯುವ ಹಾಗೆ ಕಾಣುತ್ತದೆ, ನಾಲ್ಕನೆಯದು ದಿಬ್ಬದ ಅಂಚಿನಲ್ಲೇ ಸಾಗುತ್ತದೆ. ಎಷ್ಟೋ ಹೋಲ್‌ಗಳಲ್ಲಿ ಸಮುದ್ರ ದೂರದ ನೀಲಿ ಗೆರೆ ಅಷ್ಟೇ. ಫೇರ್‌ವೇ ಪಕ್ಕದ ರಫ್‌ನಲ್ಲಿ ಉದ್ದಕ್ಕೆ ಬಿಟ್ಟ ಕಿಕುಯು ಹುಲ್ಲು, ಚೆಂಡು ಬಿದ್ದರೆ ಹತ್ತಿಯಲ್ಲಿ ಇಟ್ಟ ಹಾಗೆ ಮುಳುಗುತ್ತದೆ. ಅಲ್ಲಿ ಹೀರೋ ಆಗಲು ಹೋಗದೆ ಸುಮ್ನೆ ವೆಡ್ಜ್ ಕ್ಲಬ್ ತೆಗೆದು ಫೇರ್‌ವೇಗೆ ತಳ್ಳಿ. ಹಿಂದಿನ ಟೀಯಿಂದ 7,600 ಗಜಕ್ಕೂ ಜಾಸ್ತಿ ಉದ್ದ, ಬಾವ ಎಷ್ಟು ಹೇಳಿದರೂ ನೀವು ಮುಂದಿನ ಟೀಗೇ ಹೋಗಿ.

ಟೀ ಟೈಮ್, ಅಂದರೆ ಆಟ ಶುರು ಮಾಡುವ ಹೊತ್ತು, ಸಿಗುವುದೇ ದೊಡ್ಡ ಕೆಲಸ. ನಮ್ಮಂಥ ಊರಿನವರಿಗೆ ದರ ತುಂಬಾ ಕಡಿಮೆ, ಹೊರಗಿನವರಿಗೆ 200 ಡಾಲರ್ ದಾಟುತ್ತದೆ. ಮುಂಚಿತವಾಗಿ ಬುಕ್ ಮಾಡಿದರೆ ಅದಕ್ಕೆ ಬೇರೆ ಶುಲ್ಕ. ಆದರೂ ಅದನ್ನು ಕೊಟ್ಟುಬಿಡಿ. ಬುಕಿಂಗ್ ಇಲ್ಲದವರು ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ಕಾಯುತ್ತಾರೆ, ಒಬ್ಬರಿಗಾದರೆ ಹೇಗೋ ಜಾಗ ಸಿಗುತ್ತದೆ, ಇಬ್ಬರು ಒಟ್ಟಿಗೆ ಅಂದರೆ ಕಷ್ಟ. ರಜೆಯಲ್ಲಿ ಬೆಳಗಿನ ನಾಲ್ಕೂವರೆಗೆ ಎದ್ದು ಕತ್ತಲಲ್ಲಿ ನಿಂತಿರುವುದನ್ನು ನಿಮ್ಮ ಮನೆಯವರು ಕ್ಷಮಿಸುವುದಿಲ್ಲ.

ಅವರಿಗೆ ನನ್ನ ಸಲಹೆ ಬಾಲ್ಬೋವಾ ಪಾರ್ಕ್‌ನ 9 ಹೋಲ್ ಕೋರ್ಸ್. ಅದೂ ನಗರದ್ದೇ. ಕಲಿಯುವವರಿಗೆ ಅಲ್ಲಿ ಯಾರೂ ಮುಖ ಗಂಟಿಕ್ಕುವುದಿಲ್ಲ.

ನಾಲ್ಕನೇ ರೌಂಡ್ ಸ್ಯಾನ್ ಡಿಯಾಗೋ ಪಕ್ಕದ ಕರೋನಾಡೋ. ಇದು ಸಮುದ್ರಕ್ಕಲ್ಲ, ಕೊಲ್ಲಿಗೆ ತಾಗಿಕೊಂಡ ಕೋರ್ಸ್. ಚಪ್ಪಟೆ ನೆಲ, ನಡೆದೇ ಆಡಬಹುದು, ತಲೆ ಎತ್ತಿದರೆ ಬಳುಕಿದ ಆ ನೀಲಿ ಸೇತುವೆ, ಅಡಿಯಲ್ಲಿ ಹಾಯಿದೋಣಿ. ಟೊರೆಗಿಂತ ತುಂಬಾ ಅಗ್ಗ, ನೀರೂ ಹತ್ತಿರ. ನನ್ನನ್ನು ಕೇಳಿದರೆ ನಿಮ್ಮ ಇಡೀ ಪ್ರವಾಸದಲ್ಲಿ ಸುಖವಾದ ರೌಂಡ್ ಇದೇ ಆಗುತ್ತದೆ. ನವೆಂಬರ್ ಕೊನೆಯಲ್ಲಿ ಇಲ್ಲಿ 4:45ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಅದಕ್ಕೆ ಹನ್ನೊಂದರ ಒಳಗಿನ ಟೀ ಟೈಮ್ ನೋಡಿಕೊಳ್ಳಿ. ತಡವಾದರೆ 15ನೇ ಹೋಲ್‌ನಿಂದ ಚೆಂಡು ಕಾಣುವುದಿಲ್ಲ. ಜಾಕೆಟ್ ಒಂದು ಕಾರಿನಲ್ಲಿರಲಿ.